ಖಾತೆಗೆ ಗೊತ್ತಿಲ್ಲದ ಹಣ ಬಂದರೆ: ಮೊದಲ ಗಂಟೆಯಿಂದ ಕೊನೆಯ ಪತ್ರದವರೆಗೆ

ಒಂದು ಸಂಜೆ ನನ್ನ ಅಕ್ಕನ ಮೊಬೈಲ್‌ಗೆ ಬ್ಯಾಂಕಿನ ಸಂದೇಶ ಬಂತು. ಅವಳ ಮೂರು ತಿಂಗಳ ಸಂಬಳದಷ್ಟು ಹಣ ಖಾತೆಗೆ ಜಮೆಯಾಗಿತ್ತು. ಕಳುಹಿಸಿದವರ ಹೆಸರನ್ನು ಅವಳು ಎಂದೂ ಕೇಳಿರಲಿಲ್ಲ. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಒಂದು ಕರೆ ಬಂತು. ಆ ಕಡೆಯವನು ಅಳುತ್ತಿದ್ದ. "ಅಕ್ಕಾ, ಒಂದು ಅಂಕಿ ತಪ್ಪಿ ನಿಮ್ಮ ಖಾತೆಗೆ ಹೋಗಿಬಿಟ್ಟಿದೆ. ಅಪ್ಪನ ಆಪರೇಷನ್‌ಗೆ ಕೂಡಿಟ್ಟ ಹಣ. ನಾನು ಹೇಳುವ ಖಾತೆಗೆ ಈಗಲೇ ಹಾಕಿಬಿಡಿ, ನಿಮ್ಮ ಕಾಲಿಗೆ ಬೀಳುತ್ತೇನೆ." ಅಕ್ಕ ಆಪ್ ತೆರೆದು, ಅವನು ಹೇಳಿದ ಖಾತೆ ಸಂಖ್ಯೆಯನ್ನು ತುಂಬಿಯೂ ಆಗಿತ್ತು. ಆಗ ಪರದೆಯ ಮೇಲೆ ಆ ಖಾತೆದಾರನ ಹೆಸರು ಮೂಡಿತು. ಹಣ ಬಂದಿದ್ದು ಒಬ್ಬ ಹೆಂಗಸಿನ ಹೆಸರಿನಿಂದ. ಹೋಗಬೇಕಾಗಿದ್ದು ಬೇರೆ ಯಾರೋ ಗಂಡಸಿನ ಹೆಸರಿಗೆ. ಅಲ್ಲಿಗೆ ಅವಳ ಬೆರಳು ನಿಂತಿತು.

ಆ ಹೆಂಗಸು ವಂಚಕರ ಕೈಗೆ ಸಿಕ್ಕಿ ಹಣ ಕಳೆದುಕೊಂಡವರು ಎಂಬುದು ಕೆಲವು ದಿನಗಳ ಮೇಲೆ ತಿಳಿಯಿತು. ಅಕ್ಕ ಅಂದು ಹಣ ಕಳುಹಿಸಿದ್ದರೆ, ಕದ್ದ ಹಣ ಸಾಗುವ ದಾರಿಯಲ್ಲಿ ಅವಳ ಖಾತೆಯೂ ಒಂದು ಮೆಟ್ಟಿಲಾಗುತ್ತಿತ್ತು. ಅವಳು ಮಾಡಲು ಹೊರಟಿದ್ದು ಒಳ್ಳೆಯ ಮನಸ್ಸಿನ ಕೆಲಸವೇ. ಒಳ್ಳೆಯ ಮನಸ್ಸಿನವರೇ ಹೆಚ್ಚಾಗಿ ಸಿಕ್ಕಿಬೀಳುವುದನ್ನು ಕಂಡು ಈ ಮಾರ್ಗದರ್ಶಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದ ಹಣವನ್ನು ಖರ್ಚು ಮಾಡಬಾರದು ಎಂಬುದು ಎಲ್ಲರಿಗೂ ತಿಳಿದಿದೆ. ಅದನ್ನು ನಾವೇ ವಾಪಸ್ ಕಳುಹಿಸಲೂಬಾರದು ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಹಣ ಬಂದ ದಾರಿಯಲ್ಲೇ ಹಿಂದಿರುಗಬೇಕು, ಅದೂ ಬ್ಯಾಂಕಿನ ಕೈಯಿಂದ. ಮುಂದೆ ಹೇಳುವ ಎಲ್ಲ ಹೆಜ್ಜೆಗಳೂ ಈ ಒಂದು ಮಾತಿನ ಸುತ್ತಲೇ ಇವೆ.

ಆ ಹಣ ಯಾರದು?

ಖಾತೆಯಲ್ಲಿ ಕಾಣುವ ಮೊತ್ತ ಪೆಟ್ಟಿಗೆಯಲ್ಲಿಟ್ಟ ನೋಟಿನ ಕಟ್ಟಲ್ಲ. ಬ್ಯಾಂಕು ನಿಮಗೆ ಕೊಡಬೇಕಾದ ಸಾಲದ ಲೆಕ್ಕ ಅದು. 1848ರಲ್ಲಿ ಇಂಗ್ಲೆಂಡಿನ ಅಂದಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ 'ಫೋಲಿ ವಿರುದ್ಧ ಹಿಲ್' ಮೊಕದ್ದಮೆಯಲ್ಲಿ ಈ ತತ್ವವನ್ನು ಸ್ಪಷ್ಟಪಡಿಸಿತು: ಬ್ಯಾಂಕು ಸಾಲಗಾರ, ಗ್ರಾಹಕ ಸಾಲ ಕೊಟ್ಟವನು. ಹಾಗಾಗಿ ತಪ್ಪಾಗಿ ಬಂದ ಜಮೆ ಎಂದರೆ ಲೆಕ್ಕದ ಪುಸ್ತಕದಲ್ಲಿ ಬಿದ್ದ ತಪ್ಪು ಬರಹ. ಅದು ನಿಮ್ಮ ಹೆಸರಿನ ಪುಟದಲ್ಲಿದೆ ಎಂದ ಮಾತ್ರಕ್ಕೆ ನಿಮ್ಮದಾಗುವುದಿಲ್ಲ.

ಬೇರೆ ಬೇರೆ ದೇಶಗಳ ಕಾನೂನು ಇದನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳುತ್ತದೆ. ಭಾರತದ ಕರಾರು ಅಧಿನಿಯಮ 1872ರ 72ನೇ ಕಲಮಿನ ಪ್ರಕಾರ ತಪ್ಪಿನಿಂದ ಸಂದ ಹಣವನ್ನು ಪಡೆದವರು ಹಿಂದಿರುಗಿಸಲೇಬೇಕು. ಅಪ್ರಾಮಾಣಿಕವಾಗಿ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನಡಿ ಆರು ತಿಂಗಳಿಂದ ಎರಡು ವರ್ಷದವರೆಗೆ ಸಜೆ ಇದೆ, ಜೊತೆಗೆ ದಂಡ. ಬ್ರಿಟನ್ನಿನಲ್ಲಿ 1968ರ ಕಳ್ಳತನ ಕಾಯ್ದೆಗೆ 1996ರಲ್ಲಿ ಸೇರಿಸಿದ 24ಎ ಕಲಮು ಇನ್ನೂ ಕಠಿಣ: ತಪ್ಪು ಜಮೆ ಎಂದು ತಿಳಿದೂ ಅದನ್ನು ರದ್ದುಪಡಿಸಲು ತಕ್ಕ ಕ್ರಮ ಕೈಗೊಳ್ಳದೆ ಅಪ್ರಾಮಾಣಿಕವಾಗಿ ಸುಮ್ಮನಿದ್ದರೆ ಹತ್ತು ವರ್ಷದವರೆಗೆ ಜೈಲು. ಗಮನಿಸಿ, ಇಲ್ಲಿ ಖರ್ಚು ಮಾಡಬೇಕೆಂದೇನೂ ಇಲ್ಲ, ಕೈಕಟ್ಟಿ ಕೂತರೂ ಅಪರಾಧವಾಗಬಹುದು.

"ತಪ್ಪು ಮಾಡಿದ್ದು ಬ್ಯಾಂಕು, ನಾನಲ್ಲ" ಎಂಬ ವಾದ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. 2009ರಲ್ಲಿ ನ್ಯೂಜಿಲೆಂಡಿನ ರೊಟೊರುವಾದಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಿದ್ದ ಒಬ್ಬಾತ ಒಂದು ಲಕ್ಷ ಡಾಲರಿನ ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯುವ ಸಾಲದ ಸೌಲಭ್ಯ) ಕೇಳಿದ್ದ. ಬ್ಯಾಂಕಿನ ಕೈತಪ್ಪಿನಿಂದ ಒಂದು ಕೋಟಿ ಡಾಲರಿನ ಮಿತಿ ಸಿಕ್ಕಿತು. ಅದರಲ್ಲಿ ಸಿಕ್ಕಷ್ಟನ್ನು ಎತ್ತಿಕೊಂಡು ಆತ ದೇಶ ಬಿಟ್ಟ. ಎರಡು ವರ್ಷದ ಮೇಲೆ ಸಿಕ್ಕಿಬಿದ್ದು 2012ರಲ್ಲಿ ನಾಲ್ಕು ವರ್ಷ ಏಳು ತಿಂಗಳ ಸಜೆಗೆ ಗುರಿಯಾದ. 2019ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ದಂಪತಿಯ ಖಾತೆಗೆ 1,20,000 ಡಾಲರ್ ಬಂತು; ಬ್ಯಾಂಕಿನ ಗುಮಾಸ್ತರು ಖಾತೆ ಸಂಖ್ಯೆ ತಪ್ಪಾಗಿ ಬರೆದಿದ್ದರು. ದಂಪತಿ ಕಾರು ಕೊಂಡರು, ಕಷ್ಟದಲ್ಲಿದ್ದ ಸ್ನೇಹಿತರಿಗೂ ಒಂದಿಷ್ಟು ಕೊಟ್ಟರು. ಕಳ್ಳತನದ ಮೊಕದ್ದಮೆ ಅವರ ಮೇಲೆ ಬಿತ್ತು. 2024ರ ಮಾರ್ಚ್‌ನಲ್ಲಿ ಇಥಿಯೋಪಿಯಾದ ವಾಣಿಜ್ಯ ಬ್ಯಾಂಕಿನ ಗಣಕ ವ್ಯವಸ್ಥೆ ಕೆಲವು ಗಂಟೆ ಕೆಟ್ಟು, ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ಹಣ ಎಟಿಎಂನಿಂದ ಬರತೊಡಗಿದಾಗ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಸಾಲುಗಟ್ಟಿ ನಿಂತು ತೆಗೆದರು. ಹಿಂದಿರುಗಿಸದವರ ಹೆಸರು ಮತ್ತು ಭಾವಚಿತ್ರಗಳನ್ನು ಬ್ಯಾಂಕು ಸಾರ್ವಜನಿಕವಾಗಿ ಪ್ರಕಟಿಸಿತು. ಇಪ್ಪತ್ತರ ಹರೆಯದ ಹುಡುಗರ ಮುಖ ಹಾಗೆ ಊರೆಲ್ಲ ತಿರುಗಿದ್ದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಮೊದಲ ಹೆಜ್ಜೆ: ಮುಟ್ಟಬೇಡಿ

ಖರ್ಚು ಬೇಡ, ಬೇರೆ ಖಾತೆಗೆ ವರ್ಗಾವಣೆ ಬೇಡ, ಎಟಿಎಂನಿಂದ ತೆಗೆದು ಮನೆಯಲ್ಲಿಡುವುದೂ ಬೇಡ. "ಭದ್ರವಾಗಿರಲಿ ಎಂದು ಉಳಿತಾಯ ಖಾತೆಗೆ ಹಾಕಿದೆ" ಎನ್ನುವವರಿದ್ದಾರೆ. ಉದ್ದೇಶ ಒಳ್ಳೆಯದಿರಬಹುದು. ಆದರೆ ತನಿಖೆ ಮಾಡುವವರ ಕಣ್ಣಿಗೆ ಕಾಣುವುದು ಹಣ ಬಂದ ಮೇಲೆ ಜಾಗ ಬದಲಿಸಿತು ಎಂಬುದಷ್ಟೇ.

ನೀವು ಮುಟ್ಟದಿದ್ದರೂ ಹಣ ತಾನಾಗಿ ಕರಗುವ ದಾರಿಗಳಿವೆ. ಸಾಲದ ಕಂತು, ವಿಮೆಯ ಕಂತು, ಕ್ರೆಡಿಟ್ ಕಾರ್ಡಿನ ಬಾಕಿ ಇವೆಲ್ಲ ನಿಗದಿತ ದಿನ ಖಾತೆಯಿಂದ ತಾವೇ ಕಡಿತವಾಗುತ್ತವೆ. ನಿಮ್ಮ ಸ್ವಂತ ಹಣ ಕಡಿಮೆಯಿದ್ದರೆ ಕಡಿತವಾಗುವುದು ಆ ಪರರ ಹಣದಿಂದ. ನಿಗದಿತ ಮಿತಿ ದಾಟಿದ ಮೊತ್ತ ತಾನಾಗಿ ಠೇವಣಿಗೆ ಹೋಗುವ ಏರ್ಪಾಡು ಕೆಲವು ಖಾತೆಗಳಲ್ಲಿರುತ್ತದೆ, ಅದನ್ನೂ ನೋಡಿಕೊಳ್ಳಿ. ಆ ಹಣ ಬರುವ ಮುನ್ನ ಖಾತೆಯಲ್ಲಿದ್ದ ನಿಮ್ಮ ಹಣ ಎಷ್ಟೆಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಇನ್ನು ಮುಂದೆ ನಿಮ್ಮದು ಅಷ್ಟೇ ಎಂದು ಲೆಕ್ಕ ಹಾಕಿ ನಡೆಯಿರಿ. ಜಂಟಿ ಖಾತೆಯಾಗಿದ್ದರೆ ಇನ್ನೊಬ್ಬ ಖಾತೆದಾರರಿಗೆ ಅದೇ ಗಳಿಗೆಯಲ್ಲಿ ತಿಳಿಸಿ. ಗಂಡನಿಗೆ ಗೊತ್ತಿಲ್ಲದೆ ಹೆಂಡತಿ, ತಂದೆಗೆ ಗೊತ್ತಿಲ್ಲದೆ ಮಗ ಅದೇ ಹಣದಿಂದ ಸಾಮಾನು ತಂದರೆ ಆಮೇಲೆ ಯಾರನ್ನು ದೂರುವುದು?

ಎರಡನೆಯ ಹೆಜ್ಜೆ: ಹಣ ನಿಜಕ್ಕೂ ಬಂದಿದೆಯೇ?

ಸಂದೇಶ ಬಂದಿದೆ ಎಂದರೆ ಹಣ ಬಂದಿದೆ ಎಂದಲ್ಲ. ಬ್ಯಾಂಕಿನ ಹೆಸರು ಕಾಣುವ ಹಾಗೆ ಸಂದೇಶ ಕಳುಹಿಸುವುದು ವಂಚಕರಿಗೆ ಕಷ್ಟದ ಕೆಲಸವಲ್ಲ. ಸಂದೇಶದಲ್ಲಿರುವ ಕೊಂಡಿಯನ್ನು ಒತ್ತದೆ, ನೀವು ದಿನವೂ ಬಳಸುವ ಆಪ್ ಅಥವಾ ಜಾಲತಾಣವನ್ನು ನೀವಾಗಿಯೇ ತೆರೆದು ಸ್ಟೇಟ್‌ಮೆಂಟ್ ನೋಡಿ. ಅಲ್ಲಿ ಜಮೆ ಇಲ್ಲದಿದ್ದರೆ ಕಥೆ ಅಲ್ಲಿಗೆ ಮುಗಿಯಿತು. "ಹಣ ಸ್ವೀಕರಿಸಲು ಪಿನ್ ಒತ್ತಿ" ಎಂದು ಯಾರಾದರೂ ಹೇಳಿದರೆ ಅದು ಮೋಸವೇ ಸರಿ. ಪಿನ್ ಬೇಕಾಗುವುದು ಹಣ ಕೊಡಲು, ಪಡೆಯಲು ಅಲ್ಲ.

ಇನ್ನೊಂದು ಸೂಕ್ಷ್ಮ ವಿಷಯ ಚೆಕ್ಕಿನದು. ಚೆಕ್ಕು ಹಾಕಿದಾಗ ಮೊತ್ತ ಖಾತೆಯಲ್ಲಿ ಕಾಣುವುದು ಬೇರೆ, ಚೆಕ್ಕು ನಗದಾಗುವುದು ಬೇರೆ. ಅಮೆರಿಕದಲ್ಲಿ 1987ರ ಒಂದು ಕಾನೂನು ಚೆಕ್ಕಿನ ಹಣವನ್ನು ಕೆಲವೇ ದಿನಗಳಲ್ಲಿ ಗ್ರಾಹಕರ ಬಳಕೆಗೆ ಬಿಡಬೇಕೆಂದು ಬ್ಯಾಂಕುಗಳಿಗೆ ವಿಧಿಸಿತು. ಆದರೆ ಆ ಚೆಕ್ಕು ನಕಲಿ ಎಂಬುದು ವಾರಗಳ ಮೇಲೆ ಪತ್ತೆಯಾಗಬಹುದು. ಆ ನಡುವಿನ ವಾರಗಳೇ ವಂಚಕರ ಸುಗ್ಗಿ. "ಕಾಣುತ್ತಿದೆ" ಮತ್ತು "ಬಂದಿದೆ" ಎರಡೂ ಒಂದೇ ಅಲ್ಲ ಎಂಬುದನ್ನು ಮನಸ್ಸಿನಲ್ಲಿಡಿ, ಮುಂದೆ ಮತ್ತೆ ಬೇಕಾಗುತ್ತದೆ.

ಮೂರನೆಯ ಹೆಜ್ಜೆ: ನಿಮ್ಮದೇ ಹಣ ಇರಬಹುದೇ?

ಗಾಬರಿಯಾಗುವ ಮುನ್ನ ಹತ್ತು ನಿಮಿಷ ಕೂತು ನೆನಪು ಮಾಡಿಕೊಳ್ಳಿ. ತೆರಿಗೆಯ ಮರುಪಾವತಿ, ಷೇರಿನ ಲಾಭಾಂಶ, ಠೇವಣಿಯ ಬಡ್ಡಿ, ವಿಮೆಯ ಪರಿಹಾರ, ಹಳೆಯ ಕಚೇರಿಯಿಂದ ಬರಬೇಕಿದ್ದ ಬಾಕಿ ಸಂಬಳ, ವಾಪಸ್ ಮಾಡಿದ ವಸ್ತುವಿನ ಹಣ, ಅರ್ಧದಲ್ಲಿ ನಿಂತುಹೋಗಿ ಮರಳಿದ ವಹಿವಾಟು ಇವೆಲ್ಲ ಅಪರಿಚಿತ ಹೆಸರಿನಲ್ಲಿ ಬರುವುದು ಸಾಮಾನ್ಯ. ಅಂಗಡಿಯ ಫಲಕದ ಮೇಲಿನ ಹೆಸರೇ ಬೇರೆ, ಸ್ಟೇಟ್‌ಮೆಂಟಿನಲ್ಲಿ ಕಾಣುವ ಕಂಪನಿಯ ನೋಂದಾಯಿತ ಹೆಸರೇ ಬೇರೆ. ಮನೆಯವರನ್ನು ಕೇಳಿ, ದೂರದ ಬಂಧು ಹೇಳದೆ ಹಾಕಿರಬಹುದು.

ನಿಮ್ಮದೇ ಹಣ ಬಂದಿದ್ದರೂ ಮೊತ್ತ ಸರಿಯಿದೆಯೇ ಎಂದು ನೋಡಿ. ಸಂಬಳ ಎರಡು ಬಾರಿ ಬರುವುದುಂಟು. 2021ರ ಡಿಸೆಂಬರ್ 25ರಂದು ಬ್ರಿಟನ್ನಿನ ಸ್ಯಾಂಟ್ಯಾಂಡರ್ ಬ್ಯಾಂಕು ಸುಮಾರು 2,000 ವ್ಯಾಪಾರಿ ಖಾತೆಗಳ ಪಾವತಿಗಳನ್ನು ಎರಡನೆಯ ಸಲವೂ ಕಳುಹಿಸಿಬಿಟ್ಟಿತು. ಸುಮಾರು 75,000 ಪಾವತಿಗಳು, ಒಟ್ಟು 13 ಕೋಟಿ ಪೌಂಡ್. ಹಬ್ಬದ ದಿನ ಸಂಬಳ ಇಮ್ಮಡಿಯಾಗಿ ಬಂದಾಗ ಎಷ್ಟೋ ಮಂದಿ ಅದನ್ನು ಮಾಲೀಕರ ಉಡುಗೊರೆ ಎಂದೇ ಭಾವಿಸಿರಬಹುದು. ಮಾಲೀಕರನ್ನು ಒಂದು ಮಾತು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು.

ನಾಲ್ಕನೆಯ ಹೆಜ್ಜೆ: ಜಮೆಯ ಸಾಲನ್ನು ಓದಿ

ಸ್ಟೇಟ್‌ಮೆಂಟಿನ ಆ ಒಂದು ಸಾಲಿನಲ್ಲಿ ಬಹಳ ವಿಷಯ ಅಡಗಿರುತ್ತದೆ. ದಿನಾಂಕ, ಮೊತ್ತ, ಕಳುಹಿಸಿದವರ ಹೆಸರು, ಯಾವ ಬಗೆಯ ಪಾವತಿ, ಎಲ್ಲಕ್ಕಿಂತ ಮುಖ್ಯವಾಗಿ ವಹಿವಾಟಿನ ಉಲ್ಲೇಖ ಸಂಖ್ಯೆ. ಬ್ಯಾಂಕಿನವರು ಹಣದ ಜಾಡು ಹಿಡಿಯುವುದು ಈ ಸಂಖ್ಯೆಯಿಂದಲೇ. ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ, ಸ್ಟೇಟ್‌ಮೆಂಟನ್ನು ಇಳಿಸಿಕೊಂಡು ಇಟ್ಟುಕೊಳ್ಳಿ. ನಾಳೆ ಆ ಸಾಲು ರದ್ದಾಗಿ ಬೇರೆ ರೂಪದಲ್ಲಿ ಕಾಣಬಹುದು.

ಈಗ ಆ ಹಣ ಎಂಥದ್ದಿರಬಹುದು ಎಂದು ಊಹಿಸಿ. ಒಂದೆರಡು ಪುಡಿಗಾಸಿನ ಜಮೆಗಳು ಮಾತ್ರ ಬಂದಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಖಾತೆ ಯಾರದೆಂದು ಖಚಿತಪಡಿಸಿಕೊಳ್ಳಲು ಹಣಕಾಸು ಸೇವೆಗಳು ಇಂಥ ಚಿಲ್ಲರೆ ಮೊತ್ತ ಕಳುಹಿಸುತ್ತವೆ. ಬಂದ ಮೊತ್ತವನ್ನು ಸರಿಯಾಗಿ ಹೇಳಿದವರಿಗೆ ಖಾತೆ ಜೋಡಣೆಯಾಗುತ್ತದೆ. ನೀವು ಎಲ್ಲೂ ಖಾತೆ ಜೋಡಿಸಲು ಹೋಗದಿದ್ದರೂ ಇಂಥ ಜಮೆ ಬಂದರೆ, ಬೇರೆ ಯಾರೋ ನಿಮ್ಮ ಖಾತೆಯನ್ನು ತಮ್ಮದಕ್ಕೆ ಜೋಡಿಸಲು ನೋಡುತ್ತಿದ್ದಾರೆ ಎಂದರ್ಥ. ಆ ಮೊತ್ತವನ್ನು ಯಾರು ಕೇಳಿದರೂ ಹೇಳಬೇಡಿ, ಅಂದೇ ಬ್ಯಾಂಕಿಗೆ ತಿಳಿಸಿ.

ದೊಡ್ಡ ಮೊತ್ತ ಒಂದು ಸಾಲ ಕೊಡುವ ಸಂಸ್ಥೆಯ ಹೆಸರಿನಲ್ಲಿ ಬಂದಿದ್ದರೆ, ನಿಮ್ಮ ಗುರುತಿನ ದಾಖಲೆ ಬಳಸಿ ಯಾರೋ ಸಾಲ ತೆಗೆದಿರುವ ಸಾಧ್ಯತೆ ಇದೆ. ಸಾಲ ನಿಮ್ಮ ಹೆಸರಿನಲ್ಲಿ, ಹಣ ನಿಮ್ಮ ಖಾತೆಗೆ, ಆಮೇಲೆ "ತಪ್ಪಾಗಿ ಬಂದಿದೆ, ವಾಪಸ್ ಹಾಕಿ" ಎಂಬ ಕರೆ. ನೀವು ಹಾಕುವುದು ವಂಚಕನ ಖಾತೆಗೆ, ತೀರಿಸಬೇಕಾದ ಸಾಲ ಮಾತ್ರ ನಿಮ್ಮ ತಲೆಯ ಮೇಲೆ. ಕೂಡಲೇ ನಿಮ್ಮ ಸಾಲದ ಇತಿಹಾಸದ ವರದಿಯನ್ನು ತರಿಸಿ ನೋಡಿ, ನೀವು ಕೇಳದ ಸಾಲ ಅದರಲ್ಲಿದ್ದರೆ ಆ ಸಂಸ್ಥೆಗೂ ಲಿಖಿತ ದೂರು ಕೊಡಿ.

ಇನ್ನೊಂದು ಕ್ರೂರ ಬಗೆಯಿದೆ. ಯಾರೋ ಸಹಾಯವಾಣಿಯವರೆಂದು ಹೇಳಿಕೊಂಡು ನಿಮ್ಮ ಕಂಪ್ಯೂಟರನ್ನು ದೂರದಿಂದ ನಿಯಂತ್ರಿಸುವ ಆಪ್ ಹಾಕಿಸುತ್ತಾರೆ. ಸಣ್ಣ ಮೊತ್ತದ ಮರುಪಾವತಿ ಕೊಡುತ್ತೇವೆ ಎನ್ನುತ್ತಾರೆ. ನೋಡಿದರೆ ಅದರ ಹತ್ತು ಪಟ್ಟು ಜಮೆಯಾಗಿರುತ್ತದೆ. "ಅಯ್ಯೋ, ಒಂದು ಸೊನ್ನೆ ಜಾಸ್ತಿಯಾಯಿತು, ನನ್ನ ಕೆಲಸ ಹೋಗುತ್ತದೆ, ಉಳಿದದ್ದನ್ನು ವಾಪಸ್ ಕೊಡಿ" ಎಂದು ಗೋಗರೆಯುತ್ತಾರೆ. ಆ ಹಣ ಬಂದಿದ್ದು ಎಲ್ಲಿಂದ? ಎಷ್ಟೋ ಸಲ ನಿಮ್ಮದೇ ಉಳಿತಾಯ ಖಾತೆಯಿಂದ, ಇಲ್ಲವೇ ನಿಮ್ಮದೇ ಕ್ರೆಡಿಟ್ ಕಾರ್ಡಿನ ಮುಂಗಡದಿಂದ. ನೀವು ಒಂದು ಖಾತೆಯನ್ನು ನೋಡುತ್ತಿರುವಾಗ ಅವರು ಇನ್ನೊಂದರಿಂದ ತೆಗೆದು ಇಲ್ಲಿಗೆ ಹಾಕಿರುತ್ತಾರೆ. ಆದ್ದರಿಂದ ಅನುಮಾನದ ಜಮೆ ಕಂಡ ಕೂಡಲೇ ನಿಮ್ಮ ಎಲ್ಲ ಖಾತೆ, ಠೇವಣಿ, ಕಾರ್ಡುಗಳನ್ನೂ ಒಂದು ಸುತ್ತು ನೋಡಿ. ದೂರದಿಂದ ನಿಯಂತ್ರಿಸುವ ಆಪ್ ಹಾಕಿಸಿದ್ದರೆ ಅಂತರ್ಜಾಲ ಸಂಪರ್ಕ ಕಡಿದು, ಬೇರೆ ಸಾಧನದಿಂದ ಗುಪ್ತಪದಗಳನ್ನು ಬದಲಿಸಿ.

ಇವು ಯಾವುವೂ ಅಲ್ಲದೆ ನಿಜವಾದ ಕೈತಪ್ಪೂ ಇರಬಹುದು. ಬಹಳಷ್ಟು ಪಾವತಿ ವ್ಯವಸ್ಥೆಗಳು ದೀರ್ಘಕಾಲ ಖಾತೆ ಸಂಖ್ಯೆಯನ್ನಷ್ಟೇ ನೋಡುತ್ತಿದ್ದವು, ಹೆಸರನ್ನು ತಾಳೆ ನೋಡುತ್ತಿರಲಿಲ್ಲ. ಬ್ರಿಟನ್ 2020ರಿಂದ, ಭಾರತದಲ್ಲಿ ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳುಹಿಸುವ ನೆಫ್ಟ್ ಮತ್ತು ಆರ್‌ಟಿಜಿಎಸ್ ವ್ಯವಸ್ಥೆಗಳು 2025ರ ಏಪ್ರಿಲ್‌ನಿಂದ, ಯೂರೋ ವಲಯ 2025ರ ಅಕ್ಟೋಬರ್‌ನಿಂದ ಹಣ ಪಡೆಯುವವರ ಹೆಸರನ್ನು ಮೊದಲೇ ತಾಳೆ ನೋಡುವ ಅಥವಾ ತೋರಿಸುವ ಏರ್ಪಾಡಿಗೆ ಬಂದವು. ಅಕ್ಕನ ಬೆರಳನ್ನು ತಡೆದದ್ದು ಇಂಥ ಏರ್ಪಾಡೇ. ಆದರೂ ಅವಸರದಲ್ಲಿ ಹೆಸರು ಓದದೆ ಒತ್ತುವವರು ಇದ್ದೇ ಇರುತ್ತಾರೆ. ಬ್ಯಾಂಕಿನ ಒಳಗಿನ ತಪ್ಪುಗಳು ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ 2024ರ ಏಪ್ರಿಲ್‌ನಲ್ಲಿ ಅಮೆರಿಕದ ದೊಡ್ಡ ಬ್ಯಾಂಕು ಸಿಟಿ ಗ್ರೂಪ್‌ನಲ್ಲಿ ನಡೆದ ಪ್ರಕರಣ ಸಾಕ್ಷಿ: 280 ಡಾಲರ್ ಜಮೆ ಮಾಡಬೇಕಿದ್ದಲ್ಲಿ ಒಬ್ಬ ಗ್ರಾಹಕರ ಖಾತೆಗೆ 81 ಲಕ್ಷ ಕೋಟಿ ಡಾಲರ್ ಬರೆಯಲಾಯಿತು. ಇಬ್ಬರು ಸಿಬ್ಬಂದಿಯ ಕಣ್ಣಿಗೆ ಬೀಳದೆ, ಒಂದೂವರೆ ಗಂಟೆಯ ಮೇಲೆ ಮೂರನೆಯವರ ಕಣ್ಣಿಗೆ ಬಿತ್ತು.

ಐದನೆಯ ಹೆಜ್ಜೆ: ಬ್ಯಾಂಕಿಗೆ ತಿಳಿಸಿ, ಬರಹದಲ್ಲಿ

ಅದೇ ದಿನ ತಿಳಿಸಿ. ರಾತ್ರಿಯಾಗಿದ್ದರೆ ಗ್ರಾಹಕ ಸೇವೆಗೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಕರೆ ಮಾಡಬೇಕಾದ ಸಂಖ್ಯೆಯನ್ನು ನಿಮ್ಮ ಕಾರ್ಡಿನ ಹಿಂಬದಿಯಿಂದ ಅಥವಾ ಪಾಸ್‌ಬುಕ್ಕಿನಿಂದ ತೆಗೆದುಕೊಳ್ಳಿ. ಅಂತರ್ಜಾಲದಲ್ಲಿ ಹುಡುಕಿದಾಗ ಮೊದಲು ಸಿಗುವ ಸಂಖ್ಯೆ ವಂಚಕರದೇ ಆಗಿರಬಹುದು. ಯಾವ ಹೊತ್ತಿಗೆ ಯಾರ ಜೊತೆ ಮಾತನಾಡಿದಿರಿ ಎಂದು ಬರೆದಿಟ್ಟುಕೊಳ್ಳಿ.

ಕರೆಯಷ್ಟೇ ಸಾಲದು. ನನ್ನ ಅಕ್ಕ ಮೊದಲು ಕರೆ ಮಾಡಿದಾಗ ಆ ಕಡೆಯವರು, "ಹಣ ಬಂದಿದ್ದಕ್ಕೆ ದೂರು ಏಕೆ ಮೇಡಂ, ಹೋಗಿದ್ದರೆ ಹೇಳಿ" ಎಂದು ಕರೆ ಮುಗಿಸಿದರು. ದೂರಿನ ಸಂಖ್ಯೆಯನ್ನೂ ಕೊಡಲಿಲ್ಲ. ಅವಳು ಮರುದಿನ ಬೆಳಿಗ್ಗೆ ಪತ್ರ ಬರೆದುಕೊಂಡು ಶಾಖೆಗೆ ಹೋದಳು. ಎರಡು ಪ್ರತಿ ಒಯ್ದು, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು, ಸಹಿ, ದಿನಾಂಕ ಹಾಕಿಸಿಕೊಂಡಳು. ಸಹಿ ಹಾಕಲು ಹಿಂದೆಮುಂದೆ ನೋಡಿದರು. ಅವಳು ಕೌಂಟರಿನ ಮುಂದೆ ನಿಂತೇ ಇದ್ದಳು. ಆಮೇಲೆ ಖಾತೆಯ ಬಗ್ಗೆ ವಿಚಾರಣೆ ಬಂದಾಗ ಅವಳನ್ನು ಕಾಪಾಡಿದ್ದು ಆ ಮೊಹರು. ಶಾಖೆ ದೂರವಿದ್ದರೆ ಇ-ಮೇಲ್ ಅಥವಾ ಆಪಿನೊಳಗಿನ ಸುರಕ್ಷಿತ ಸಂದೇಶವಾದರೂ ಸರಿ, ದಿನಾಂಕವಿರುವ ದಾಖಲೆ ಉಳಿಯಬೇಕು.

ಪತ್ರ ಉದ್ದವಿರಬೇಕಾಗಿಲ್ಲ. ಹೀಗೆ ಬರೆದರೆ ಸಾಕು:

"ನನ್ನ ಖಾತೆ ಸಂಖ್ಯೆ (…)ಗೆ (…) ದಿನಾಂಕದಂದು (…) ಮೊತ್ತ ಜಮೆಯಾಗಿದೆ. ವಹಿವಾಟಿನ ಉಲ್ಲೇಖ ಸಂಖ್ಯೆ (…). ಸ್ಟೇಟ್‌ಮೆಂಟಿನಲ್ಲಿ ಕಾಣುವ ಕಳುಹಿಸಿದವರ ಹೆಸರು (…). ಈ ವ್ಯಕ್ತಿ ಅಥವಾ ಸಂಸ್ಥೆ ನನಗೆ ಪರಿಚಿತವಲ್ಲ, ಈ ಹಣ ನನಗೆ ಬರಬೇಕಾದದ್ದೂ ಅಲ್ಲ. ನಾನು ಈ ಮೊತ್ತವನ್ನು ಬಳಸಿಲ್ಲ, ಬಳಸುವುದೂ ಇಲ್ಲ. ದಯವಿಟ್ಟು ಮೂಲವನ್ನು ಪತ್ತೆಹಚ್ಚಿ, ಹಣ ಬಂದ ಖಾತೆಗೇ ಬ್ಯಾಂಕಿನ ಮೂಲಕ ಹಿಂದಿರುಗಿಸಬೇಕು. ಈ ನಿರ್ದಿಷ್ಟ ಮೊತ್ತವನ್ನು ಮಾತ್ರ ಕಡಿತಗೊಳಿಸಲು ನನ್ನ ಒಪ್ಪಿಗೆ ಇದೆ. ಕೈಗೊಂಡ ಕ್ರಮವನ್ನು ನನಗೆ ಬರಹದಲ್ಲಿ ತಿಳಿಸಬೇಕು."

"ಈ ನಿರ್ದಿಷ್ಟ ಮೊತ್ತವನ್ನು ಮಾತ್ರ" ಎಂಬ ಪದಗಳನ್ನು ಬಿಡಬೇಡಿ. ಬ್ಯಾಂಕು ಖಾಲಿ ನಮೂನೆಗೆ ಸಹಿ ಕೇಳಿದರೆ ಮೊತ್ತ ಮತ್ತು ಉಲ್ಲೇಖ ಸಂಖ್ಯೆ ತುಂಬಿಸದೆ ಸಹಿ ಹಾಕಬೇಡಿ. ವ್ಯಾಪಾರಸ್ಥರಾಗಿದ್ದರೆ ಈ ಹಣವನ್ನು ಮಾರಾಟದ ಲೆಕ್ಕಕ್ಕೆ ಸೇರಿಸದೆ ಸಸ್ಪೆನ್ಸ್ ಖಾತೆಯಲ್ಲಿ (ಯಾರದೆಂದು ತೀರ್ಮಾನವಾಗದ ಮೊತ್ತವನ್ನು ತಾತ್ಕಾಲಿಕವಾಗಿ ಬರೆದಿಡುವ ಲೆಕ್ಕದಲ್ಲಿ) ತೋರಿಸಿ. ಇಲ್ಲದಿದ್ದರೆ ನಿಮ್ಮದಲ್ಲದ ಆದಾಯಕ್ಕೆ ತೆರಿಗೆ ಕಟ್ಟುವ ಪಾಡು ಬರುತ್ತದೆ.

ಆರನೆಯ ಹೆಜ್ಜೆ: ಕರೆ ಮಾಡುವವರಿಗೆ ಏನು ಹೇಳಬೇಕು

ಇದೇ ಅತ್ಯಂತ ಕಷ್ಟದ ಹೆಜ್ಜೆ. ಕಾನೂನು, ಕಾಗದ ಇವನ್ನೆಲ್ಲ ನಿಭಾಯಿಸಬಹುದು, ಅಳುವ ಮನುಷ್ಯನಿಗೆ ಇಲ್ಲ ಎನ್ನುವುದು ಸುಲಭವಲ್ಲ. ಆದ್ದರಿಂದ ನೀವೇ ಕಳುಹಿಸಿದರೆ ಏನಾಗುತ್ತದೆ ಎಂಬುದನ್ನು ಲೆಕ್ಕದಲ್ಲೇ ನೋಡಿ.

ನಿಮ್ಮ ಖಾತೆಯಲ್ಲಿ 10,000 ಇದೆ. ಗೊತ್ತಿಲ್ಲದವರಿಂದ 50,000 ಬರುತ್ತದೆ, ಈಗ 60,000. ಕರೆ ಮಾಡಿದವನ ಮಾತು ನಂಬಿ ಅವನು ಹೇಳಿದ ಖಾತೆಗೆ 50,000 ಕಳುಹಿಸುತ್ತೀರಿ, ಮತ್ತೆ 10,000. ಎಲ್ಲ ಸರಿಹೋಯಿತು ಎಂದು ನಿಟ್ಟುಸಿರು ಬಿಡುತ್ತೀರಿ. ಎರಡು ವಾರದ ಮೇಲೆ ಮೊದಲು ಬಂದ 50,000 ಕದ್ದ ಕಾರ್ಡಿನದೆಂದೋ ನಕಲಿ ಚೆಕ್ಕಿನದೆಂದೋ ಪತ್ತೆಯಾಗುತ್ತದೆ. ಬ್ಯಾಂಕು ಆ ಜಮೆಯನ್ನು ರದ್ದುಪಡಿಸುತ್ತದೆ. ನಿಮ್ಮ ಖಾತೆಯ ಮೊತ್ತ ಈಗ ಸೊನ್ನೆಗಿಂತ 40,000 ಕೆಳಗೆ. ಬ್ಯಾಂಕಿನ ಕಣ್ಣಿಗೆ ನೀವು ಕಳುಹಿಸಿದ 50,000 ಹಿಂದಿರುಗಿಸಿದ ಹಣವಲ್ಲ, ನಿಮ್ಮ ಇಚ್ಛೆಯಿಂದ ಮಾಡಿದ ಬೇರೊಂದು ಪಾವತಿ. ಎರಡಕ್ಕೂ ನಂಟು ಕಲ್ಪಿಸುವ ಯಾವ ದಾಖಲೆಯೂ ಇರುವುದಿಲ್ಲ.

ಹಣ ಕದ್ದದ್ದಾಗಿದ್ದರೆ ಇನ್ನೂ ಕೆಡುಕು. ಕದ್ದ ಹಣವನ್ನು ಅಮಾಯಕರ ಖಾತೆಗಳ ಮೂಲಕ ದಾಟಿಸಿ ಜಾಡು ಅಳಿಸುವುದು ವಂಚಕರ ನಿತ್ಯದ ಕಸುಬು. ಹಾಗೆ ಬಳಕೆಯಾಗುವ ಖಾತೆಗಳನ್ನು ಪೊಲೀಸರು 'ಮ್ಯೂಲ್ ಖಾತೆ' ಎನ್ನುತ್ತಾರೆ, ಹೇರು ಹೊರುವ ಹೇಸರಗತ್ತೆಯ ಹೆಸರು ಅದು. "ಕಮಿಷನ್ ಇಟ್ಟುಕೊಂಡು ಉಳಿದದ್ದನ್ನು ಕಳುಹಿಸಿ" ಎಂಬ ಮಾತು ಬಂದರಂತೂ ಅನುಮಾನಕ್ಕೆ ಎಡೆಯೇ ಇಲ್ಲ.

ಹಾಗಾದರೆ ಹೇಳುವುದು ಹೀಗೆ: "ನಿಮ್ಮ ಹಣ ನನಗೆ ಬೇಡ. ನನ್ನ ಬ್ಯಾಂಕಿಗೆ ಬರೆದು ಕೊಟ್ಟಿದ್ದೇನೆ. ನೀವು ನಿಮ್ಮ ಬ್ಯಾಂಕಿಗೆ ಹೋಗಿ, ತಪ್ಪಾಗಿ ಕಳುಹಿಸಿದೆ ಎಂದು ದೂರು ಕೊಡಿ. ಅವರು ಕೇಳಿದ ಕೂಡಲೇ ಹಣ ನಿಮ್ಮ ಖಾತೆಗೇ ಬರುತ್ತದೆ." ನಿಜವಾಗಿ ತಪ್ಪು ಮಾಡಿದವರಿಗೆ ಈ ಮಾತಿನಿಂದ ನೆಮ್ಮದಿಯಾಗುತ್ತದೆ. ವಂಚಕನಿಗೆ ಸಿಟ್ಟು ಬರುತ್ತದೆ. ಅಳು ಬೆದರಿಕೆಯಾಗಿ ತಿರುಗುವ ಆ ಕ್ಷಣವನ್ನು ಗಮನಿಸಿ. ಅಕ್ಕನಿಗೆ ಕರೆ ಮಾಡಿದವನು ಎರಡನೆಯ ಸಲ "ಪೊಲೀಸರನ್ನು ಕರೆಸುತ್ತೇನೆ" ಎಂದ. "ದಯವಿಟ್ಟು ಕರೆಸಿ" ಎಂದು ಅವಳು ಹೇಳಿದ ಮೇಲೆ ಮತ್ತೆ ಕರೆ ಬರಲಿಲ್ಲ.

ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ. ಖಾತೆ ಸಂಖ್ಯೆಯ ಒಂದು ಅಂಕಿ ತಪ್ಪಿ ಒತ್ತಿದವರಿಗೆ ನಿಮ್ಮ ಮೊಬೈಲ್ ಸಂಖ್ಯೆ ಎಲ್ಲಿಂದ ಸಿಕ್ಕಿತು? ಮೊಬೈಲ್ ಸಂಖ್ಯೆಗೇ ಹಣ ಹಾಕುವ ವ್ಯವಸ್ಥೆಯಲ್ಲಿ ಇದಕ್ಕೆ ಸರಳ ಉತ್ತರವಿದೆ. ಖಾತೆ ಸಂಖ್ಯೆಗೆ ಹಾಕಿದ್ದರೆ ಉತ್ತರವಿಲ್ಲ. ಕರೆ ಬಂದ ಸಂಖ್ಯೆ, ಹೊತ್ತು, ಅವರು ಕೊಟ್ಟ ಖಾತೆ ಸಂಖ್ಯೆ ಎಲ್ಲವನ್ನೂ ಬರೆದಿಟ್ಟು ಬ್ಯಾಂಕಿಗೂ ಪೊಲೀಸರಿಗೂ ಕೊಡಿ. ಸೈಬರ್ ವಂಚನೆಯ ಸಹಾಯವಾಣಿ ಭಾರತದಲ್ಲಿ 1930, ಸಿಂಗಪುರದಲ್ಲಿ 1799. ಬ್ರಿಟನ್ನಿನಲ್ಲಿ 159ಕ್ಕೆ ಕರೆ ಮಾಡಿದರೆ ನಿಮ್ಮದೇ ಬ್ಯಾಂಕಿಗೆ ಸುರಕ್ಷಿತವಾಗಿ ಸಂಪರ್ಕ ಸಿಗುತ್ತದೆ.

ಏಳನೆಯ ಹೆಜ್ಜೆ: ಖಾತೆ ಸ್ಥಗಿತವಾದರೆ

ಪೊಲೀಸರ ಸೂಚನೆಯಿಂದ ನಿಮ್ಮ ಖಾತೆ ಇದ್ದಕ್ಕಿದ್ದಂತೆ ನಿಲ್ಲಬಹುದು. ಕಾರ್ಡು ನಡೆಯುವುದಿಲ್ಲ, ಸಂಬಳ ಬಂದರೂ ತೆಗೆಯಲಾಗುವುದಿಲ್ಲ. ತಪ್ಪು ಮಾಡದವರಿಗೆ ಇದು ಬಹಳ ನೋವಿನ ಅನುಭವ. ಬ್ಯಾಂಕಿಗೆ ಹೋಗಿ ಮೂರು ವಿಷಯ ಬರಹದಲ್ಲಿ ಕೇಳಿ: ಯಾವ ಠಾಣೆ ಅಥವಾ ಸಂಸ್ಥೆಯ ಆದೇಶ, ದೂರಿನ ಸಂಖ್ಯೆ ಯಾವುದು, ಇಡೀ ಖಾತೆ ನಿಂತಿದೆಯೇ ಅಥವಾ ವಿವಾದದ ಮೊತ್ತ ಮಾತ್ರವೇ. ಆಮೇಲೆ ಆ ಠಾಣೆಗೆ ನಿಮ್ಮ ಮೊಹರು ಬಿದ್ದ ಪತ್ರ, ಸ್ಟೇಟ್‌ಮೆಂಟ್, ಸಂಬಳದ ದಾಖಲೆಗಳ ಸಮೇತ ಮನವಿ ಕೊಟ್ಟು, ವಿವಾದದ ಮೊತ್ತವನ್ನಷ್ಟೇ ತಡೆಹಿಡಿದು ಉಳಿದದ್ದನ್ನು ಬಿಡುಗಡೆ ಮಾಡುವಂತೆ ಕೇಳಿ. ಕೆಲಸ ಮುಂದೆ ಸಾಗದಿದ್ದರೆ ವಕೀಲರನ್ನು ಕಂಡು ನ್ಯಾಯಾಲಯದ ಮೊರೆ ಹೋಗಬಹುದು. "ಹಣ ಕೊಟ್ಟರೆ ಖಾತೆ ಬಿಡಿಸುತ್ತೇನೆ" ಎಂದು ಕರೆ ಮಾಡುವವರು ಅದೇ ವಂಚಕರ ಎರಡನೆಯ ತಂಡವಾಗಿರಬಹುದು.

ಈಗಾಗಲೇ ಖರ್ಚಾಗಿದ್ದರೆ

ಮುಚ್ಚಿಡಬೇಡಿ. ನಿಮ್ಮದೆಂದು ನಂಬಿ ಖರ್ಚು ಮಾಡಿದ್ದೀರೋ, ಅಲ್ಲವೆಂದು ತಿಳಿದೂ ಮಾಡಿದ್ದೀರೋ ಎಂಬುದೇ ಇಲ್ಲಿ ನಿರ್ಣಾಯಕ. ಪ್ರಾಮಾಣಿಕವಾಗಿ ನಂಬಿ ಖರ್ಚು ಮಾಡಿ ಸ್ಥಿತಿಗತಿಯೇ ಬದಲಾದವರಿಗೆ ಕೆಲವು ದೇಶಗಳ ಕಾನೂನಿನಲ್ಲಿ ಒಂದಿಷ್ಟು ರಕ್ಷಣೆ ಇದೆ. ಇಂಗ್ಲೆಂಡಿನಲ್ಲಿ 1991ರ 'ಲಿಪ್ಕಿನ್ ಗೋರ್ಮನ್' ತೀರ್ಪು ಇದನ್ನು ಒಪ್ಪಿಕೊಂಡಿತು. ತಪ್ಪೆಂದು ತಿಳಿದ ಮೇಲೆ ಖರ್ಚು ಮಾಡಿದವರಿಗೆ ಆ ರಕ್ಷಣೆ ಇಲ್ಲ. ಉಳಿದಿರುವ ಮೊತ್ತವನ್ನು ಅಂದಿನಿಂದಲೇ ಮುಟ್ಟದೆ, ಬ್ಯಾಂಕಿಗೆ ಇರುವ ವಿಷಯ ಹೇಳಿ, ಮಿಕ್ಕಿದ್ದನ್ನು ಕಂತುಗಳಲ್ಲಿ ತೀರಿಸುವ ಒಪ್ಪಂದವನ್ನು ಬರಹದಲ್ಲಿ ಕೇಳಿ. ಮೊತ್ತ ದೊಡ್ಡದಾಗಿದ್ದರೆ ಮೊದಲು ವಕೀಲರನ್ನು ಕಾಣಿ.

ಕೊನೆಯ ಹೆಜ್ಜೆ: ಹಣ ಹೋದ ಮೇಲೆ

ಬ್ಯಾಂಕು ಮೊತ್ತ ಕಡಿತಗೊಳಿಸಿದ ದಿನ ಸ್ಟೇಟ್‌ಮೆಂಟ್ ತೆಗೆದು ನೋಡಿ. ಬಂದಷ್ಟೇ ಹೋಗಿದೆಯೇ, ಉಲ್ಲೇಖ ಸಂಖ್ಯೆ ತಾಳೆಯಾಗುತ್ತದೆಯೇ, ಸೇವಾ ಶುಲ್ಕವೆಂದು ನಿಮ್ಮ ಹಣವನ್ನೂ ತೆಗೆದಿದ್ದಾರೆಯೇ ಎಂದು ಪರೀಕ್ಷಿಸಿ. ವಿಷಯ ಮುಗಿದಿದೆ ಎಂಬ ಬ್ಯಾಂಕಿನ ಪತ್ರ ಪಡೆಯಿರಿ. ಎಲ್ಲ ಕಾಗದಗಳನ್ನೂ ಒಂದೇ ಕಡೆ ಇಡಿ. ವಂಚನೆಯ ಮೊಕದ್ದಮೆಗಳು ವರ್ಷಗಟ್ಟಲೆ ನಡೆಯುತ್ತವೆ, ಮೂರು ವರ್ಷದ ಮೇಲೆ ಒಂದು ನೋಟಿಸು ಬಂದರೂ ಬಂದೀತು.

ತಿಂಗಳುಗಳು ಕಳೆದರೂ ಯಾರೂ ಕೇಳಲು ಬರದಿರುವುದೂ ಉಂಟು. ಆಗಲೂ ಆ ಹಣ ನಿಮ್ಮದಾಯಿತೆಂದು ಭಾವಿಸಬೇಡಿ. ಮೊದಲ ಪತ್ರದ ಪ್ರತಿ ಲಗತ್ತಿಸಿ ನೆನಪೋಲೆ ಬರೆಯಿರಿ. ಉತ್ತರ ಬಾರದಿದ್ದರೆ ಬ್ಯಾಂಕಿನ ಕುಂದುಕೊರತೆ ವಿಭಾಗಕ್ಕೆ, ಅಲ್ಲಿಂದಲೂ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ನಿಮ್ಮ ದೇಶದ ಬ್ಯಾಂಕಿಂಗ್ ಓಂಬುಡ್ಸ್‌ಮನ್‌ಗೆ ಬರೆಯಿರಿ. ಬೇರೆ ಬ್ಯಾಂಕಿಗೆ ಹೋಗುವುದಿದ್ದರೂ ಈ ವಿಷಯ ಇತ್ಯರ್ಥವಾಗುವ ತನಕ ಹಳೆಯ ಖಾತೆಯನ್ನು ಮುಚ್ಚಬೇಡಿ. ಮುಚ್ಚಬೇಕೆಂದರೆ ಆ ಹಣವನ್ನೂ ನೀವೇ ಬೇರೆಡೆಗೆ ಸಾಗಿಸಬೇಕಾಗುತ್ತದೆ. ನನ್ನ ಅಕ್ಕ ನಾಲ್ಕು ತಿಂಗಳು ಕಾದಳು. ಅಷ್ಟೂ ದಿನ ಪ್ರತಿ ತಿಂಗಳ ಮೊದಲ ವಾರ ಶಾಖೆಗೆ ಒಂದು ಸಾಲಿನ ಪತ್ರ ಕೊಟ್ಟು ಬರುತ್ತಿದ್ದಳು. ಐದನೆಯ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಅದೇ ಮೊತ್ತ ಖರ್ಚಿನ ಕಡೆ ಕಂಡಿತು, ಆ ಹೆಂಗಸಿನ ಹೆಸರಿಗೆ.